ನೀರಿನ ಗುಣ ಅಂತೀರಲ್ಲ, ಆ ನೀರು ಹೊತ್ತವರು ಯಾರು?

ಧಾರವಾಡದಲ್ಲಿ ಒಂದು ಕಲ್ಲು ಎಸೆದರೆ ಅದು ಯಾವುದೋ ಕವಿಯ ಮನೆ ಮೇಲೇ ಬೀಳುತ್ತದೆ. ಈ ಮಾತು ನೀವೂ ಕೇಳಿರುತ್ತೀರಿ. ಯಾವ ಸಮಾರಂಭಕ್ಕೆ ಹೋದರೂ ಭಾಷಣ ಮಾಡುವವರು ಆ ಕಲ್ಲನ್ನು ಒಮ್ಮೆ ಎಸೆಯದೆ ವೇದಿಕೆ ಇಳಿಯುವುದಿಲ್ಲ. ಅದರ ಬೆನ್ನಿಗೇ ಇನ್ನೊಂದು ಬರುತ್ತದೆ: "ಇಲ್ಲಿನ ನೀರಿನ ಗುಣಾನ ಹಂಗ ಐತ್ರಿ."

ನಾನು ಹುಬ್ಬಳ್ಳಿಯವನು. ಅದೇ ನೀರು ಕುಡಿದು ಬೆಳೆದವನು, ಅದೂ ನಲ್ಲಿಯಲ್ಲಿ ವಾರಕ್ಕೊಮ್ಮೆ ಬಂದರೆ ಪುಣ್ಯ. ನನಗೆ ಇವತ್ತಿಗೂ ಸರಿಗಮ ನೆಟ್ಟಗೆ ಬರುವುದಿಲ್ಲ.

ಸುಮ್ನೆ ತಮಾಷೆ ಅಲ್ಲ. ನಮ್ಮ ದೊಡ್ಡ ಹಿಂದುಸ್ತಾನಿ ಗಾಯಕರ ಲೆಕ್ಕ ಸ್ವಲ್ಪ ಹಾಕಿ ನೋಡಿ. ಮಲ್ಲಿಕಾರ್ಜುನ ಮನಸೂರ ಹುಟ್ಟಿದ್ದು 1910ರಲ್ಲಿ, ಧಾರವಾಡದ ಪಕ್ಕದ ಮನಸೂರಿನಲ್ಲಿ. ಗಂಗೂಬಾಯಿ ಹಾನಗಲ್ 1913ರಲ್ಲಿ, ಧಾರವಾಡದಲ್ಲೇ. ಭೀಮಸೇನ ಜೋಶಿ 1922ರಲ್ಲಿ, ರೋಣದಲ್ಲಿ. ಕುಮಾರ ಗಂಧರ್ವ 1924ರಲ್ಲಿ, ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ. ಹದಿನಾಲ್ಕು ವರ್ಷ, ನಾಲ್ಕು ಜನ, ಎಲ್ಲರೂ ಒಂದೇ ಸೀಮೆಯವರು. ನೀರಿನ ಗುಣವೇ ಆಗಿದ್ದರೆ ಅದು 1810ರಲ್ಲೂ ಇತ್ತಲ್ಲ? ಈಗಲೂ ಇದೆಯಲ್ಲ?

ನನ್ನ ಪ್ರಕಾರ ನೀರು ಅನ್ನೋ ಮಾತು ಒಂದು ಸೋಮಾರಿ ಮಾತು. ಯಾರೋ ಮನೆ ಬಾಗಿಲು ತೆಗೆದರು, ಯಾರೋ ಅನ್ನ ಹಾಕಿದರು, ಕೂತು ಹಾಡೋಕೆ ಜಾಗ ಕೊಟ್ಟರು. ನೀರಿನ ಹೆಸರು ಹೇಳಿದರೆ ಅವರನ್ನೆಲ್ಲ ನೆನೆಯುವ ಕೆಲಸವೇ ಉಳಿಯುವುದಿಲ್ಲ.

ಕುಂದಗೋಳಕ್ಕೆ ಬನ್ನಿ. ಹುಬ್ಬಳ್ಳಿಯಿಂದ ರೈಲಿನಲ್ಲಿ ಕೂತರೆ ಒಂದು ಚಾ ಕುಡಿಯುವಷ್ಟರಲ್ಲಿ ಸಿಗುವ ಊರು. ಸುತ್ತ ಎರೆ ಹೊಲ, ನಡುವೆ ನಾಡಿಗೇರ ಮನೆತನದ ದೊಡ್ಡ ವಾಡೆ. ಹಿಂದುಸ್ತಾನಿ ಗಾಯನದ ಒಂದು ಪರಂಪರೆಯಾದ ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನ್ ಸಾಹೇಬರು ಈ ವಾಡೆಗೆ ಬರುತ್ತಿದ್ದರು. ಎಲ್ಲಿಯ ಅವರ ಊರು, ಉತ್ತರ ಪ್ರದೇಶದ ಕೈರಾನಾ, ಎಲ್ಲಿಯ ಕುಂದಗೋಳ! ಮೈಸೂರು ಅರಮನೆಯಿಂದ ಕರೆ ಬಂದರೆ ಉತ್ತರದ ಗಾಯಕರು ನಮ್ಮ ಸೀಮೆ ದಾಟಿಯೇ ಹೋಗಬೇಕಿತ್ತು, ನಡುವೆ ಇಳಿಯೋಕೆ ಮನೆಗಳಿದ್ದವು. ಖಾನ್ ಸಾಹೇಬರ ಶಿಷ್ಯರಾದವರು ಕುಂದಗೋಳದ ರಾಮಭಾವು. ಮುಂದೆ ಮರಾಠಿ ನಾಟಕಗಳಲ್ಲಿ ಹೆಣ್ಣು ವೇಷ ಹಾಕಿ ಹಾಡಿ ಸವಾಯಿ ಗಂಧರ್ವ ಅಂತ ಹೆಸರಾದರು.

ಅವರ ಮನೆಗೆ ಹುಡುಗ ಭೀಮಸೇನ ಬಂದ. ಅವನು ಹನ್ನೊಂದನೇ ವಯಸ್ಸಿಗೆ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು ಓಡಿಹೋಗಿದ್ದ. ಗ್ವಾಲಿಯರ್, ಜಲಂಧರ್ ಎಲ್ಲ ಸುತ್ತಿ ಕೊನೆಗೆ ಗುರು ಸಿಕ್ಕಿದ್ದು ತನ್ನ ಊರಿನ ಹತ್ತಿರವೇ. ಗುರುವಿನ ಮನೆಯಲ್ಲಿ ಮೊದಲ ಪಾಠ ಹಾಡಿನದಲ್ಲ. ಮನೆಗೆಲಸ, ನೀರು ತರುವುದು. ನೀರಿನ ಗುಣ ಅಂತೀರಲ್ಲ, ಆ ನೀರಿನ ಕೊಡ ಹೊತ್ತವರು ಭೀಮಸೇನ ಜೋಶಿ.

ಅದೇ ಮನೆಗೆ ಗಂಗೂಬಾಯಿ ಹುಬ್ಬಳ್ಳಿಯಿಂದ ರೈಲಿನಲ್ಲಿ ಬರುತ್ತಿದ್ದರು. ಪಾಠ ಅಂದರೆ ಇಂದು ಒಂದು ರಾಗ, ನಾಳೆ ಇನ್ನೊಂದು ಅಂತಲ್ಲ. ಒಂದೇ ಪಲುಕು, ಅಂದರೆ ಸ್ವರಗಳ ಒಂದು ಸಣ್ಣ ತುಣುಕು, ಬಾಯಲ್ಲಿ ಕೂರುವವರೆಗೆ ಮತ್ತೆ ಮತ್ತೆ. ಜಿಪುಣ ದುಡ್ಡು ಬಿಚ್ಚಿದ ಹಾಗೆ ಸ್ವರ ಬಿಚ್ಚಬೇಕು ಅಂತ ಗುರುಗಳು ಕಲಿಸಿದರು ಅಂತ ಗಂಗೂಬಾಯಿ ಹೇಳುತ್ತಿದ್ದರು. ಅವರ ವಿಲಂಬಿತ, ಅಂದರೆ ನಿಧಾನ ಲಯದ ಹಾಡು, ಕೇಳಿ, ಗೊತ್ತಾಗುತ್ತದೆ. ಷಡ್ಜದ ಮೇಲೆ ನಿಂತು, ನಿಷಾದ ತೋರಿಸಿ, ಮತ್ತೆ ಜೇಬಿಗೆ ಹಾಕಿಕೊಂಡುಬಿಡುತ್ತಾರೆ. ಮುಂದಿನದು ಯಾವಾಗ ಕೊಡುತ್ತಾರೋ ಅಂತ ನಾವು ಕೈ ಒಡ್ಡಿಕೊಂಡು ಕೂತಿರಬೇಕು.

ಇನ್ನೊಂದು ಮಾತು. ಗಂಗೂಬಾಯಿ ಹಾಡುವವರ ಮನೆತನದ ಹುಡುಗಿ, ಅಂದರೆ ಆ ಕಾಲದವರು ಕೀಳಾಗಿ ನೋಡುತ್ತಿದ್ದ ಜಾತಿಯವಳು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ, ಗಾಂಧೀಜಿ ಎದುರು ಹಾಡಿದಾಗ, ಆ ಹುಡುಗಿಗೆ ಹಾಡಿನ ಹೆದರಿಕೆ ಇರಲಿಲ್ಲ. ಊಟದ ಹೊತ್ತಿಗೆ ತನ್ನನ್ನು ಬೇರೆ ಕೂರಿಸಿ, ಎಲೆ ಎತ್ತು ಅನ್ನುತ್ತಾರೋ ಅನ್ನೋ ಹೆದರಿಕೆ ಇತ್ತು. ಅದೇ ಧಾರವಾಡದ ನೀರು, ಎಲ್ಲರಿಗೂ ಒಂದೇ ಕೊಡದಲ್ಲಿ ಸಿಗುತ್ತಿರಲಿಲ್ಲ.

ಗದಗಿನ ವೀರೇಶ್ವರ ಪುಣ್ಯಾಶ್ರಮವೂ ಜಾಗದ ಕಥೆಯೇ. ಕಣ್ಣಿಲ್ಲದ ಪಂಚಾಕ್ಷರಿ ಗವಾಯಿಗಳು, ಅವರ ನಂತರ ಕಣ್ಣಿಲ್ಲದ ಪುಟ್ಟರಾಜ ಗವಾಯಿಗಳು, ಕಣ್ಣಿಲ್ಲದ ಮಕ್ಕಳಿಗೆ ಊಟ ಹಾಕಿ ಸಂಗೀತ ಕಲಿಸಿದರು. ದುಡ್ಡಿಗೆ ನಾಟಕ ಕಂಪನಿಯನ್ನೂ ನಡೆಸಿದರು! ಹೆಸರಾಂತ ಗಾಯಕ ಬಸವರಾಜ ರಾಜಗುರು ಪಂಚಾಕ್ಷರಿ ಗವಾಯಿಗಳ ಶಿಷ್ಯರು.

ಸಾಹಿತ್ಯದಲ್ಲೂ ಇಷ್ಟೇ. ಧಾರವಾಡದ ಸುಭಾಸ ರಸ್ತೆಯಲ್ಲಿ ಮನೋಹರ ಗ್ರಂಥಮಾಲೆಯ ಅಟ್ಟ ಇದೆ. ಜಿ.ಬಿ. ಜೋಶಿ 1933ರಲ್ಲಿ ಶುರು ಮಾಡಿದ ಪ್ರಕಾಶನ. ಅಟ್ಟ ಅಂದರೆ ನಿಜವಾಗಿಯೂ ಅಟ್ಟವೇ. ಕವಿ ಬೇಂದ್ರೆ, ವಿಮರ್ಶಕ ಕುರ್ತಕೋಟಿ ಅಲ್ಲಿಗೆ ಬರುತ್ತಿದ್ದರು. ಗಿರೀಶ ಕಾರ್ನಾಡರ ಮೊದಲ ನಾಟಕ 1961ರಲ್ಲಿ ಇಲ್ಲಿಂದಲೇ ಹೊರಬಂತು. ಇಪ್ಪತ್ತರ ಆಸುಪಾಸಿನ ಹುಡುಗನ ಹಸ್ತಪ್ರತಿಯನ್ನು ಕೂತು ಓದುವ ಹಿರಿಯರು ಒಂದು ಅಟ್ಟದಲ್ಲಿ ದಿನಾ ಸಿಗುತ್ತಿದ್ದರು ಅನ್ನುವುದೇ ನನಗೆ ದೊಡ್ಡ ವಿಷಯ.

  

ಈಗ ಏನಾಗಿದೆ? ಧಾರವಾಡದ ಶುಕ್ರವಾರಪೇಟೆಯಲ್ಲಿ ಗಂಗೂಬಾಯಿ ಹುಟ್ಟಿದ ಮನೆಯನ್ನು ದುರಸ್ತಿ ಮಾಡಿ ಸ್ಮಾರಕ ಮಾಡಿದರು. ಆಮೇಲೆ ನೋಡುವವರಿಲ್ಲದೆ ಅದು ಪಾಳು ಬಿತ್ತು ಅಂತ ಪತ್ರಿಕೆಗಳಲ್ಲೇ ಓದಿದೆವು. ಹೆಸರಿಡೋಕೆ ನಾವು ಬಹಳ ಚುರುಕು. ಬಾಗಿಲು ತೆಗೆದಿಡು ಅಂದರೆ ಕೀಲಿಕೈ ಯಾರ ಹತ್ತಿರ ಇದೆ ಅನ್ನೋದೇ ಗೊತ್ತಿರುವುದಿಲ್ಲ.

ಹೋದ ವರ್ಷ ನನ್ನ ಗೆಳೆಯನ ಮಗಳು ಹಾಡು ಕಲಿಯೋಕೆ ಅಂತ ಧಾರವಾಡಕ್ಕೆ ಬಂದಳು. ಬಾಡಿಗೆಗೆ ಒಂದು ಖೋಲಿ ಹುಡುಕಿಕೊಂಡು ನಾನೂ ಜೊತೆಗೆ ತಿರುಗಿದೆ. ಒಂದು ಮನೆಯಲ್ಲಿ ಎಲ್ಲ ಹೊಂದಿತು, ಬಾಡಿಗೆಯೂ ಕಮ್ಮಿ. ಹೊರಡುವಾಗ ಯಜಮಾನರು ಅವಳ ಹೆಗಲ ಮೇಲಿನ ತಂಬೂರಿ ಗವಸಣಿಗೆ ನೋಡಿದರು. "ತಂಗಿ, ಹಾಡೂದಿದ್ರ ಬ್ಯಾಡವಾ. ಮ್ಯಾಲಿನವ್ರಿಗೆ ತ್ರಾಸ ಆಗ್ತದ." ಅವರ ಪಡಸಾಲೆಯ ಗೋಡೆ ಮೇಲೆ ಭೀಮಸೇನ ಜೋಶಿಯವರ ದೊಡ್ಡ ಫೋಟೋ, ಅದಕ್ಕೆ ಗಂಧದ ಹಾರ.

ಕೊನೆಗೆ ಖೋಲಿ ಬೇರೆ ಕಡೆ ಸಿಕ್ಕಿತು. ಬೆಳಿಗ್ಗೆ ಐದಕ್ಕೆ ಎದ್ದು, ಕಿಟಕಿ ಮುಚ್ಚಿ, ಬಾಗಿಲ ಸಂದಿಗೆ ಚಾದರ ತುರುಕಿ, ಮೊಬೈಲಿನಲ್ಲಿ ತಂಬೂರಿ ಆ್ಯಪ್ ಹಾಕಿಕೊಂಡು ಮೆಲ್ಲಗೆ ಖರ್ಜ ಸಾಧನೆ, ಅಂದರೆ ಕೆಳಗಿನ ಸ್ವರಗಳ ಅಭ್ಯಾಸ, ಮಾಡುತ್ತಾಳೆ. ಬಾಯಿ ಬಿಟ್ಟು ತಾರ ಷಡ್ಜ, ಅಂದರೆ ಮೇಲಿನ ಸಾ, ಹಚ್ಚಬೇಕು ಅಂದರೆ ರಜೆಗೆ ಊರಿಗೆ ಹೋಗುವವರೆಗೆ ಕಾಯಬೇಕು.