ಡೈರಿಯಲ್ಲಿದ್ದ ಮಿಸ್ಟರ್ ಕಿಪ್ಪರ್

ಕೇಳುಗರೆಲ್ಲರಿಗೂ ನಮಸ್ಕಾರ.

1986ರ ಜುಲೈ 28, ಸೋಮವಾರ. ಲಂಡನ್ನಿನ ಫುಲಮ್ ಎಂಬ ಕಡೆ ಒಂದು ರಿಯಲ್ ಎಸ್ಟೇಟ್ ಕಚೇರಿ. ಅಲ್ಲಿನ ಡೈರಿಯಲ್ಲಿ ಅವತ್ತಿನ ತಾರೀಕಿನ ಕೆಳಗೆ ಒಂದು ಸಾಲು ಇತ್ತು. 12.45, ಮಿಸ್ಟರ್ ಕಿಪ್ಪರ್, 37 ಶಾರೋಲ್ಡ್ಸ್. ಕೊನೆಯಲ್ಲಿ ಮನೆಯ ಹೊರಗೆ ಭೇಟಿ ಅನ್ನುವುದಕ್ಕೆ ಎರಡು ಅಕ್ಷರದ ಗುರುತು. ಬರೆದವರು ಸೂಝಿ ಲ್ಯಾಂಪ್ಲೂ. ವಯಸ್ಸು 25. ಕೊಳ್ಳಲು ಬಂದವರಿಗೆ ಮನೆ ತೋರಿಸುವುದು ಆಕೆಯ ಕೆಲಸ. ನಮ್ಮ ಕಡೆ ಬ್ರೋಕರ್ ಅಂತೀವಲ್ಲ, ಹೆಚ್ಚೂ ಕಡಿಮೆ ಅದೇ.

ಮಧ್ಯಾಹ್ನ ಹನ್ನೆರಡೂವರೆ ದಾಟಿದ ಮೇಲೆ ಆಕೆ ಪರ್ಸ್ ತೆಗೆದುಕೊಂಡು ಕಚೇರಿಯಿಂದ ಹೊರಟರು. ಕೈಚೀಲ ಅಲ್ಲೇ ಇತ್ತು. ಅಂದರೆ ಬೇಗ ವಾಪಸ್ ಬರುವವರೇ. ಬರಲಿಲ್ಲ. ಇವತ್ತಿಗೂ ಆಕೆಯ ದೇಹ ಕೂಡ ಸಿಕ್ಕಿಲ್ಲ.

ಆಕೆಯ ಬಿಳಿ ಫೋರ್ಡ್ ಫಿಯೆಸ್ಟಾ ಕಾರು ಅದೇ ರಾತ್ರಿ ಸಿಕ್ಕಿತು. ಶಾರೋಲ್ಡ್ಸ್ ರಸ್ತೆಯಲ್ಲಿ ಅಲ್ಲ, ಸ್ವಲ್ಪ ದೂರದ ಸ್ಟೀವನೇಜ್ ರಸ್ತೆಯಲ್ಲಿ. ಡ್ರೈವರ್ ಕಡೆಯ ಬಾಗಿಲಿಗೆ ಬೀಗ ಇಲ್ಲ. ಹ್ಯಾಂಡ್ ಬ್ರೇಕ್ ಹಾಕಿಲ್ಲ. ಪರ್ಸ್ ಕಾರಿನಲ್ಲೇ ಇದೆ, ಕೀಲಿ ಇಲ್ಲ. ಡ್ರೈವರ್ ಸೀಟು ಹಿಂದಕ್ಕೆ ಸರಿದಿತ್ತು. ಆಕೆಗಿಂತ ಎತ್ತರದವರು ಯಾರೋ ಓಡಿಸಿರಬಹುದು ಅನ್ನುವುದಕ್ಕೆ ಇದು ಸುಳಿವು.

ಈ ಹುಡುಗಿಯ ಬಗ್ಗೆ ಸುಮಾರು ನಲವತ್ತು ವರ್ಷದಿಂದ ಜನ ಊಹೆ ಮಾಡುತ್ತಲೇ ಇದ್ದಾರೆ. ಮೊದಲು ಪತ್ರಿಕೆಗಳಲ್ಲಿ, ಪಬ್‌ಗಳಲ್ಲಿ. ಆಮೇಲೆ ಟೀವಿಯಲ್ಲಿ. ಈಗ ಮೊಬೈಲ್ ಹಿಡಿದ ಪ್ರತಿಯೊಬ್ಬರೂ ಪತ್ತೇದಾರರೇ. ಇವತ್ತು ನಾನು ಮಾತಾಡಬೇಕೆಂದಿರುವುದು ಆ ಊಹೆಗಳ ಬಗ್ಗೆ. ಕೊಲೆಗಾರ ಯಾರು ಅಂತ ನಾನೂ ಇನ್ನೊಂದು ಊಹೆ ಸೇರಿಸುವುದಿಲ್ಲ, ಹೆದರಬೇಡಿ.

ಮೊದಲ ದಿನದಿಂದಲೂ ಎಲ್ಲರ ಕಣ್ಣು ಬಿದ್ದಿದ್ದು ಕಿಪ್ಪರ್ ಎಂಬ ಹೆಸರಿನ ಮೇಲೆ. ವಿಚಿತ್ರ ಹೆಸರು. ಇಂಗ್ಲೆಂಡಿನಲ್ಲಿ ಕಿಪ್ಪರ್ ಅಂದರೆ ಬೆಳಗಿನ ತಿಂಡಿಗೆ ತಿನ್ನುವ, ಹೊಗೆಯಲ್ಲಿಟ್ಟು ಒಣಗಿಸಿದ ಮೀನು. ಇಂಥ ಹೆಸರು ಯಾರು ಇಟ್ಟುಕೊಳ್ಳುತ್ತಾರೆ? ಸುಳ್ಳು ಹೆಸರೇ ಇರಬೇಕು. ಇಲ್ಲ, ಆಕೆ ತಪ್ಪಾಗಿ ಕೇಳಿಸಿಕೊಂಡಿರಬೇಕು. ಕೈಪರ್ ಅಂತ ಡಚ್ಚರ ಹೆಸರಿದೆಯಲ್ಲ, ಅದೇ ಇರಬಹುದು. ಹಾಗಾದರೆ ಯೂರೋಪಿನಿಂದ ಬಂದವನು. ಎಡಗಡೆ ಸ್ಟಿಯರಿಂಗ್ ಇರುವ ಕಪ್ಪು ಬಿಎಂಡಬ್ಲ್ಯೂ ಕಾರನ್ನು ಆ ಬೀದಿಯಲ್ಲಿ ನೋಡಿದ್ದೇವೆ ಅಂತ ಯಾರೋ ಹೇಳಿದ ಮೇಲಂತೂ ಕಥೆ ಚೆನ್ನಾಗಿಯೇ ಕೂಡಿಕೊಂಡಿತು. ಒಂದು ಹೆಸರು, ಅದರಿಂದ ಒಂದು ದೇಶ, ಅದರಿಂದ ಒಂದು ಕಾರು. ಹೆಸರು ನಿಜವೋ ಅಲ್ಲವೋ ಅನ್ನುವುದೇ ಗೊತ್ತಿರಲಿಲ್ಲ.

ಅಕ್ಕಪಕ್ಕದವರು ಹೇಳಿದ್ದೂ ಒಂದಕ್ಕೊಂದು ಕೂಡುವುದಿಲ್ಲ. ಶಾರೋಲ್ಡ್ಸ್ ರಸ್ತೆಯ ಆ ಮನೆಯ ಹತ್ತಿರ ಸೂಟು ಹಾಕಿದ, ತಲೆ ಬಾಚಿದ ಗಂಡಸನ್ನು ಹುಡುಗಿಯ ಜೊತೆ ಕಂಡೆವು ಅಂದವರಿದ್ದಾರೆ. ಅವನ ಕೈಯಲ್ಲಿ ರಿಬ್ಬನ್ ಕಟ್ಟಿದ ಶಾಂಪೇನ್ ಬಾಟಲಿ ಇತ್ತು ಅಂದವರೂ ಇದ್ದಾರೆ. ಪರಿಚಯದ ಒಬ್ಬಾಕೆ, ಮಧ್ಯಾಹ್ನ ಎರಡೂ ಮುಕ್ಕಾಲರ ಹೊತ್ತಿಗೆ ಸೂಝಿ ಕಾರು ಓಡಿಸುತ್ತಿದ್ದುದನ್ನು ಕಂಡೆ, ಪಕ್ಕದಲ್ಲಿ ಗಂಡಸೊಬ್ಬ ಕೂತಿದ್ದ ಅಂದರು. ಸ್ಟೀವನೇಜ್ ರಸ್ತೆಯಲ್ಲಿದ್ದವರೊಬ್ಬರು, ಆ ಕಾರು ಮಧ್ಯಾಹ್ನದಿಂದಲೇ ಅಲ್ಲಿ ನಿಂತಿತ್ತು ಅಂದರು. ಇವೆರಡೂ ಒಟ್ಟಿಗೆ ನಿಜ ಆಗಲು ಸಾಧ್ಯವಿಲ್ಲ. ಯಾರೂ ಸುಳ್ಳು ಹೇಳಿರಬೇಕಾಗಿಲ್ಲ. ವಾರದ ಹಿಂದೆ ಬೀದಿಯಲ್ಲಿ ಯಾವ ಕಾರು ಎಷ್ಟು ಹೊತ್ತಿಗೆ ನಿಂತಿತ್ತು ಅಂತ ನಮ್ಮನ್ನು ಕೇಳಿದರೆ ನಾವಾದರೂ ಏನು ಹೇಳುತ್ತೇವೆ?

ಇನ್ನೂ ಒಂದು ಮಾತು. ಆ ಡೈರಿಯ ಭೇಟಿಯೇ ಸುಳ್ಳು ಅನ್ನುವವರಿದ್ದಾರೆ. ನಿವೃತ್ತ ಪತ್ತೇದಾರರೊಬ್ಬರು ಮೊದಲಿನಿಂದ ಎಲ್ಲ ಕೆದಕಿ ನೋಡಿ, ಸೂಝಿ ಶಾರೋಲ್ಡ್ಸ್ ರಸ್ತೆಗೆ ಹೋಗಿಯೇ ಇಲ್ಲ ಅಂತ ವಾದಿಸಿದರು. ಅದಕ್ಕೆ ಮುಂಚಿನ ವಾರದ ಕೊನೆಯಲ್ಲಿ ಆಕೆ ತನ್ನ ಚೆಕ್ ಪುಸ್ತಕ, ಪುಟ್ಟ ಡೈರಿ ಕಳೆದುಕೊಂಡಿದ್ದರು. ಅವು ಪಟ್ನಿ ಎಂಬಲ್ಲಿನ ಪಬ್ಬಿನಲ್ಲಿ ಸಿಕ್ಕಿದ್ದವು. ಕೆಲಸದ ನೆಪ ಹೇಳಿ ಅವನ್ನು ತರಲು ಹೋಗಿದ್ದರು ಅನ್ನುವುದು ಅವರ ವಾದ. ಕಚೇರಿಯಲ್ಲಿ ಸುಳ್ಳು ಭೇಟಿ ಬರೆದು ಸ್ವಂತ ಕೆಲಸಕ್ಕೆ ಹೋಗುವುದು ಲಂಡನ್ನಿನಲ್ಲಷ್ಟೇ ನಡೆಯುವ ಸಂಗತಿ ಅಲ್ಲ ಬಿಡಿ. ಇದೂ ಊಹೆಯೇ. ಆದರೆ ಈ ಊಹೆ ನಿಜವಾದರೆ, ಕಿಪ್ಪರ್ ಎಂಬ ಮನುಷ್ಯನೇ ಇಲ್ಲ. ಅಷ್ಟು ವರ್ಷ ಅಷ್ಟು ಜನ ಹುಡುಕಿದ್ದು ಇಲ್ಲದ ಒಬ್ಬನನ್ನು.

ಪೊಲೀಸರಿಗೂ ಒಂದು ಊಹೆ ಇತ್ತು. ಅವರದ್ದು ಹೆಚ್ಚು ಗಟ್ಟಿ. ಜಾನ್ ಕ್ಯಾನನ್ ಎಂಬವನು ಅತ್ಯಾಚಾರದ ಅಪರಾಧಕ್ಕೆ ಶಿಕ್ಷೆ ಅನುಭವಿಸಿ, ಲಂಡನ್ನಿನ ವರ್ಮ್‌ವುಡ್ ಸ್ಕ್ರಬ್ಸ್ ಜೈಲಿನ ಹಾಸ್ಟೆಲ್‌ನಿಂದ ಹೊರಬಂದಿದ್ದು ಸೂಝಿ ಕಾಣೆಯಾಗುವ ಮೂರು ದಿನ ಮುಂಚೆ. ಮರುವರ್ಷ ಬ್ರಿಸ್ಟಲ್‌ನಲ್ಲಿ ಹೊಸದಾಗಿ ಮದುವೆಯಾದ ಒಬ್ಬಾಕೆಯನ್ನು ಅವನು ಅಪಹರಿಸಿ ಕೊಂದ. 1989ರಲ್ಲಿ ಜೀವಾವಧಿ ಶಿಕ್ಷೆ ಆಯಿತು. 2002ರ ನವೆಂಬರಿನಲ್ಲಿ ಲಂಡನ್ ಪೊಲೀಸರು, ಸೂಝಿಯನ್ನು ಕೊಂದವನು ಇವನೇ ಅಂತ ನಮ್ಮ ನಂಬಿಕೆ ಎಂದು ಹೆಸರು ಹಿಡಿದು ಹೇಳಿದರು. ಆದರೆ ಮೊಕದ್ದಮೆ ಹೂಡಲು ಸಾಕಾಗುವಷ್ಟು ಸಾಕ್ಷಿ ಇಲ್ಲ ಅಂತ ಸರ್ಕಾರಿ ವಕೀಲರು ಹೇಳಿಬಿಟ್ಟರು. ಅವನು ಕೊನೆಯವರೆಗೂ ಒಪ್ಪಲಿಲ್ಲ. 2024ರ ನವೆಂಬರಿನಲ್ಲಿ ಜೈಲಿನಲ್ಲೇ ಸತ್ತ.

ಬ್ರಿಸ್ಟಲ್‌ನ ಆ ಮಹಿಳೆಯ ಕಾರನ್ನು ಕ್ಯಾನನ್ ತನ್ನ ಬಳಿ ಇಟ್ಟುಕೊಂಡಿದ್ದ. ಕಿತ್ತಳೆ ಬಣ್ಣದ ಮಿನಿ ಕಾರು. ಅದಕ್ಕೆ ನೀಲಿ ಬಳಿದು ಸುಳ್ಳು ನಂಬರ್ ಪ್ಲೇಟ್ ಹಾಕಿದ್ದ. ಎಸ್ ಎಲ್ ಪಿ 386 ಎಸ್. ಊಹೆ ಮಾಡುವವರಿಗೆ ಇದಕ್ಕಿಂತ ಏನು ಬೇಕು! ಎಸ್ ಅಂದರೆ ಸೂಝಿ. ಎಲ್ ಪಿ ಅಂದರೆ ಲ್ಯಾಂಪ್ಲೂ. 86 ಅಂದರೆ ಆ ವರ್ಷ. ಪೊಲೀಸರನ್ನು ಅಣಕಿಸಲೆಂದೇ ಬರೆಸಿದ್ದಾನೆ ಅನ್ನುವವರು ಇವತ್ತಿಗೂ ಬೇಕಾದಷ್ಟು ಜನ. ಇರಬಹುದು. ಆದರೆ ಆ ಮೂರು? ಕೊನೆಯ ಎಸ್? ಆ ಕಾಲದ ಬ್ರಿಟಿಷ್ ನಂಬರ್ ಪ್ಲೇಟಿನಲ್ಲಿ ಕೊನೆಯ ಅಕ್ಷರ ಗಾಡಿ ಯಾವ ವರ್ಷದ್ದು ಅಂತ ಹೇಳುತ್ತದೆ. ಎಸ್ ಅಂದರೆ 1977, 78ರ ಗಾಡಿ. ಅಂದರೆ ಬೇಕಾದ್ದನ್ನು ಇಟ್ಟುಕೊಂಡು ಬೇಡದ್ದನ್ನು ಬಿಟ್ಟರೆ ಮಾತ್ರ ಈ ಒಗಟು ಬಿಡುತ್ತದೆ. ಪೊಲೀಸರ ಅನುಮಾನ ಸರಿಯೇ ಇರಬಹುದು. ಹಾಗಿದ್ದರೂ ನಂಬರ್ ಪ್ಲೇಟಿನಿಂದ ಅದು ಸಾಬೀತಾಗುವುದಿಲ್ಲ. ಹಿಂದಕ್ಕೆ ಸರಿದ ಸೀಟಿಗೆ ಇದಕ್ಕಿಂತ ಜಾಸ್ತಿ ತೂಕವಿದೆ ಅಂತ ನನಗೆ ಅನ್ನಿಸುತ್ತದೆ. ಆದರೆ ಸೀಟಿನ ಬಗ್ಗೆ ಯಾರೂ ಅಷ್ಟೊಂದು ಮಾತಾಡುವುದಿಲ್ಲ.

ಇನ್ನೊಂದು ಊಹೆ ಇದಕ್ಕಿಂತ ದೂರದ್ದು. ಇಪ್ಸ್‌ವಿಚ್‌ನಲ್ಲಿ 2006ರಲ್ಲಿ ಐವರು ಮಹಿಳೆಯರನ್ನು ಕೊಂದವನು ಒಂದು ಕಾಲದಲ್ಲಿ ಕ್ಯೂಇ2 ಎಂಬ ಹಡಗಿನಲ್ಲಿ ಕೆಲಸಕ್ಕಿದ್ದ. ಸೂಝಿ ಕೂಡ ಅದೇ ಹಡಗಿನಲ್ಲಿ ಬ್ಯೂಟಿಷಿಯನ್ ಆಗಿದ್ದರು. ಅಷ್ಟೇ. ಅಷ್ಟು ಸಾಕಾಯಿತು.

ಈ ಊಹೆಗಳಿಂದ ನಷ್ಟ ಏನು, ಸುಮ್ನೆ ಮಾತಲ್ವಾ ಅಂತ ಕೇಳಬಹುದು. ಅಗೆದ ಜಾಗಗಳನ್ನೇ ನೋಡಿ. ವುಸ್ಟರ್‌ಶೈರ್‌ನ ಹಳೆಯ ಸೇನಾ ಶಿಬಿರದ ಜಾಗ. 2018ರಲ್ಲಿ, ಕ್ಯಾನನ್‌ನ ತಾಯಿ ಹಿಂದೆ ವಾಸವಾಗಿದ್ದ ಸಟನ್ ಕೋಲ್ಡ್‌ಫೀಲ್ಡಿನ ಮನೆ. ಅಲ್ಲಿ ಆಗ ಇದ್ದವರು ಬೇರೆ ಯಾರೋ. ಅವರ ಗ್ಯಾರೇಜಿನ ನೆಲವನ್ನೇ ಒಡೆದು ನೋಡಿದರು. 2019ರಲ್ಲಿ ಪರ್ಶೋರ್ ಹತ್ತಿರದ ಹೊಲ. ಎಲ್ಲೂ ಏನೂ ಸಿಗಲಿಲ್ಲ. ಪ್ರತಿ ಸಲವೂ ಸೂಝಿಯ ಮನೆಯವರಿಗೆ ಮೊದಲು ಫೋನು, ಆಮೇಲೆ ಕ್ಯಾಮೆರಾಗಳು, ಕೊನೆಗೆ ಏನೂ ಇಲ್ಲ ಅನ್ನುವ ಇನ್ನೊಂದು ಫೋನು. ಕಾಣೆಯಾದ ಹುಡುಗಿಯ ನಡತೆಯನ್ನೂ ಜನ ಬಿಡಲಿಲ್ಲ. ಯಾರ ಜೊತೆ ಓಡಾಡುತ್ತಿದ್ದಳು, ಎಷ್ಟು ಜನ ಗೆಳೆಯರಿದ್ದರು ಅನ್ನುವುದೆಲ್ಲ ಪತ್ರಿಕೆಗೆ ಸರಕಾಯಿತು. ಆಕೆ ಗಂಡಸಾಗಿದ್ದರೆ ಇದನ್ನೆಲ್ಲ ಬರೆಯುತ್ತಿದ್ದರೇ?

ಮೊಬೈಲ್ ಕಾಲದಲ್ಲಿ ಇದೇ ಕೆಲಸ ದಿನಗಳಲ್ಲಿ ನಡೆದುಹೋಗುತ್ತದೆ. 2023ರ ಜನವರಿಯಲ್ಲಿ ಇಂಗ್ಲೆಂಡಿನ ಲ್ಯಾಂಕಾಶೈರ್‌ನ ಹಳ್ಳಿಯೊಂದರಲ್ಲಿ, ಮನೆಸಾಲದ ಸಲಹೆ ಕೊಡುವ ಮಹಿಳೆಯೊಬ್ಬರು ನಾಯಿ ಕರೆದುಕೊಂಡು ನದಿ ದಂಡೆಗೆ ಹೋದವರು ಕಾಣೆಯಾದರು. ಫೋನು ಬೆಂಚಿನ ಮೇಲಿತ್ತು, ಆಫೀಸಿನ ಮೀಟಿಂಗ್ ಕಾಲ್ ಇನ್ನೂ ನಡೆಯುತ್ತಿತ್ತು. ನದಿಗೆ ಬಿದ್ದಿರಬೇಕು ಅಂತ ಪೊಲೀಸರು ಮೊದಲೇ ಹೇಳಿದ್ದರು. ಅದು ಯಾರಿಗೂ ರುಚಿಸಲಿಲ್ಲ. ವಿಡಿಯೋ ಮಾಡುವವರು ದೂರದ ಊರುಗಳಿಂದ ಬಂದು ಅಲ್ಲಿನವರ ಖಾಲಿ ಮನೆ, ಹಿತ್ತಲುಗಳಿಗೆ ನುಗ್ಗಿದರು. ಸಂಗಾತಿಯ ಮೇಲೆ ಅನುಮಾನ ಹರಡಿದರು. ಮೂರು ವಾರದ ಮೇಲೆ ದೇಹ ನದಿಯಲ್ಲೇ ಸಿಕ್ಕಿತು. ಆಕಸ್ಮಿಕವಾಗಿ ಮುಳುಗಿ ಸಾವು ಅಂತ ವಿಚಾರಣೆ ತೀರ್ಮಾನಿಸಿತು. ಪೊಲೀಸರದ್ದೂ ತಪ್ಪಿತ್ತು ಅನ್ನಿ. ಹೇಳಬೇಕಾದ್ದನ್ನು ಬೇಗ ಹೇಳಲಿಲ್ಲ, ಆಕೆಯ ಆರೋಗ್ಯದ ಖಾಸಗಿ ವಿಷಯವನ್ನು ಹೇಳಿಬಿಟ್ಟರು.

ಸೂಝಿಯ ತಂದೆ ತಾಯಿ ಮಾಡಿದ್ದನ್ನು ಹೇಳದಿದ್ದರೆ ಈ ಮಾತು ಅರ್ಧಕ್ಕೇ ನಿಲ್ಲುತ್ತದೆ. ಡಯಾನಾ ಮತ್ತು ಪಾಲ್ ಲ್ಯಾಂಪ್ಲೂ. ಮಗಳು ಕಾಣೆಯಾದ ಅದೇ ವರ್ಷ ಅವಳ ಹೆಸರಿನಲ್ಲಿ ಒಂದು ಟ್ರಸ್ಟ್ ಶುರು ಮಾಡಿದರು. ಯಾರು ಕೊಂದರು ಅನ್ನುವ ಪ್ರಶ್ನೆ ಪೊಲೀಸರಿಗಿರಲಿ, ಒಂಟಿಯಾಗಿ ಕೆಲಸಕ್ಕೆ ಹೋಗುವವರು ಸುರಕ್ಷಿತವಾಗಿ ವಾಪಸ್ ಬರುವುದು ಹೇಗೆ ಅನ್ನುವುದು ಅವರ ಪ್ರಶ್ನೆಯಾಯಿತು. ಆಗ ಲಂಡನ್ನಿನಲ್ಲಿ ಮಿನಿಕ್ಯಾಬ್ ಅಂತ ಬಾಡಿಗೆ ಕಾರುಗಳಿದ್ದವು. ಓಡಿಸುವವನ ಹಿನ್ನೆಲೆ ಏನು ಅಂತ ಯಾರೂ ನೋಡುತ್ತಿರಲಿಲ್ಲ. ಅವಕ್ಕೆ ಲೈಸೆನ್ಸ್ ಬೇಕು ಅಂತ ಟ್ರಸ್ಟ್ ಬೆನ್ನು ಹತ್ತಿತು. 1998ರಲ್ಲಿ ಅದಕ್ಕೆ ಕಾನೂನು ಬಂತು. ಹಿಂಬಾಲಿಸಿ ಕಾಟ ಕೊಡುವವರಿಂದ ನೊಂದವರಿಗೆ 2010ರಲ್ಲಿ ರಾಷ್ಟ್ರೀಯ ಸಹಾಯವಾಣಿ ಶುರುವಾಯಿತು. ಅದನ್ನು ನಡೆಸುವುದೂ ಇದೇ ಟ್ರಸ್ಟ್. ಡಯಾನಾ 2011ರಲ್ಲಿ, ಪಾಲ್ 2018ರಲ್ಲಿ ತೀರಿಕೊಂಡರು.

ಅವರ ಪ್ರಶ್ನೆ ಎಷ್ಟು ಸರಿಯಾಗಿತ್ತು ಅನ್ನುವುದಕ್ಕೆ ಅಮೆರಿಕದ ಒಂದು ಪ್ರಕರಣ ಸಾಕು. 2014ರಲ್ಲಿ ಅರ್ಕಾನ್ಸಾ ರಾಜ್ಯದಲ್ಲಿ ಮನೆ ತೋರಿಸಲು ಹೋದ ಮಹಿಳಾ ಏಜೆಂಟ್ ಕಾಣೆಯಾದರು. ಕೆಲವು ದಿನಗಳಲ್ಲಿ ದೇಹ ಸಿಕ್ಕಿತು, ಅಪರಾಧಿಯೂ ಸಿಕ್ಕಿದ. ಆಕೆಯನ್ನೇ ಯಾಕೆ ಆರಿಸಿಕೊಂಡೆ ಅಂತ ಕೇಳಿದ್ದಕ್ಕೆ, ಆಕೆ ಒಬ್ಬಳೇ ಕೆಲಸ ಮಾಡುವ ಹೆಂಗಸು, ದುಡ್ಡಿರುವ ಬ್ರೋಕರ್ ಅಂದ. ಅದರಲ್ಲಿ ಗುಟ್ಟಿಲ್ಲ, ಸಂಕೇತವಿಲ್ಲ, ಒಗಟಿಲ್ಲ.

ನಮ್ಮಲ್ಲೂ ಈಗ ಸೈಟು, ಫ್ಲ್ಯಾಟು ತೋರಿಸುವ ಕೆಲಸದಲ್ಲಿ ಹೆಣ್ಣುಮಕ್ಕಳಿದ್ದಾರೆ. ಊರ ಹೊರಗಿನ ಖಾಲಿ ಲೇಔಟಿಗೆ, ಇನ್ನೂ ಯಾರೂ ಬಂದಿರದ ಅಪಾರ್ಟ್‌ಮೆಂಟಿನ ಏಳನೇ ಮಹಡಿಗೆ ಗುರುತಿಲ್ಲದವರನ್ನು ಕರೆದುಕೊಂಡು ಹೋಗುತ್ತಾರೆ. ನಿಮ್ಮ ಮನೆಯಲ್ಲಿ ಅಂಥವರಿದ್ದರೆ ಇಷ್ಟು ಹೇಳಿ. ಗಿರಾಕಿಯ ಮೊದಲ ಭೇಟಿ ಕಚೇರಿಯಲ್ಲೇ ಆಗಲಿ. ಗುರುತಿನ ಚೀಟಿಯ ಫೋಟೋ ತೆಗೆದು ಕಚೇರಿಗೆ ಕಳಿಸಲಿ. ಎಲ್ಲಿಗೆ, ಯಾರ ಜೊತೆ, ಎಷ್ಟು ಹೊತ್ತಿಗೆ ವಾಪಸ್ ಅನ್ನುವುದು ಇನ್ನೊಬ್ಬರಿಗೆ ಗೊತ್ತಿರಲಿ. ಆ ಹೊತ್ತು ದಾಟಿದರೆ ಯಾರು ಫೋನ್ ಮಾಡಬೇಕು ಅನ್ನುವುದನ್ನೂ ಮೊದಲೇ ಮಾತಾಡಿಕೊಂಡಿರಲಿ. ಫೋನ್ ಎತ್ತದಿದ್ದರೆ ಮರುದಿನದವರೆಗೆ ಕಾಯುವುದು ಬೇಡ, ಕೂಡಲೇ 112ಕ್ಕೆ ಕರೆ ಮಾಡಿ.

ನಮಸ್ಕಾರ.