ರಾತ್ರಿ ಎಂಟು ಗಂಟೆಗೆ ಆ ಕರೆಂಟು ಎಲ್ಲಿಂದ?

ಸಭೆಯಲ್ಲಿರುವ ಎಲ್ಲರಿಗೂ ನಮಸ್ಕಾರ.

ಚಾವಣಿಯ ಮೇಲೆ ಸೋಲಾರ್ ಫಲಕ ಕಂಡರೆ ಸಾಕು, ಹೋಟೆಲ್ ಪೂರ್ತಿ ಸೂರ್ಯನಿಂದಲೇ ನಡೆಯುತ್ತಿದೆ ಎಂದು ನಂಬಿಬಿಡುತ್ತೇವೆ. ಫಲಕ ಹೇಗೆ ಕೆಲಸ ಮಾಡುತ್ತದೆಂದು ನಿಮಗೆ ಹೇಳಬೇಕಾಗಿಲ್ಲ. ನನ್ನ ಪ್ರಶ್ನೆ ಒಂದೇ: ರಾತ್ರಿ ಎಂಟು ಗಂಟೆಗೆ ಅಲ್ಲಿಗೆ ಕರೆಂಟು ಎಲ್ಲಿಂದ ಬರುತ್ತದೆ?

ಫಲಕಗಳ ಉತ್ಪಾದನೆ ಏರುವುದು ನಡುಹಗಲಿನಲ್ಲಿ. ಆಗ ಅತಿಥಿಗಳು ಹೊರಗೆ ತಿರುಗಾಡುತ್ತಿರುತ್ತಾರೆ, ಕೋಣೆಗಳು ಖಾಲಿ. ಸಂಜೆ ಎಲ್ಲರೂ ಒಟ್ಟಿಗೆ ಬಂದು ಏಸಿ ಹಾಕುತ್ತಾರೆ, ಸ್ನಾನಕ್ಕೆ ಹೋಗುತ್ತಾರೆ, ಅಡುಗೆಮನೆಯಲ್ಲೂ ಕೆಲಸ ಬಿರುಸಾಗುತ್ತದೆ. ಅಷ್ಟರಲ್ಲಿ ಸೂರ್ಯ ಮುಳುಗಿರುತ್ತಾನೆ. 'ವರ್ಷಕ್ಕೆ ಬಳಸಿದಷ್ಟೇ ಯೂನಿಟ್ ವಿದ್ಯುತ್ ಜಾಲಕ್ಕೆ, ಅಂದರೆ ಗ್ರಿಡ್ಡಿಗೆ, ಕೊಟ್ಟಿದ್ದೇವೆ' ಎಂದು ಹೋಟೆಲಿನವರು ಹೇಳುವುದು ಸುಳ್ಳಲ್ಲ, ಆದರೆ ಅರ್ಧ ಉತ್ತರ. ಸಂಜೆ ಗ್ರಿಡ್ಡಿನಿಂದ ಎಳೆದದ್ದು ಕಲ್ಲಿದ್ದಲು ಸುಟ್ಟು ಬಂದದ್ದಿರಬಹುದು.

ಬ್ಯಾಟರಿ ಬೇಕು, ನಿಜ. ಅದಕ್ಕೂ ಮೊದಲು ಬಿಸಿನೀರಿನ ಟ್ಯಾಂಕ್ ನೋಡಿ. ಹಗಲಿನ ಕರೆಂಟನ್ನು ಸಂಜೆಗೆ ಉಳಿಸಿಕೊಳ್ಳುವ ಸುಲಭದ ದಾರಿ ಅದೇ. 100 ಲೀಟರ್ ನೀರನ್ನು 20 ಡಿಗ್ರಿಯಿಂದ 60 ಡಿಗ್ರಿಗೆ ಕಾಯಿಸಲು ಸುಮಾರು 4.65 ಯೂನಿಟ್ ಶಾಖ ಬೇಕು. ಸಾಮಾನ್ಯ ಗೀಸರ್ ಅಷ್ಟನ್ನೂ ಕರೆಂಟಿನಿಂದಲೇ ತೆಗೆದುಕೊಳ್ಳುತ್ತದೆ. ಹೀಟ್ ಪಂಪ್ ಎಂಬ ಯಂತ್ರ ಗಾಳಿಯಲ್ಲಿರುವ ಶಾಖವನ್ನು ಹೀರಿ ನೀರಿಗೆ ಸೇರಿಸುವುದರಿಂದ ಒಂದೂವರೆ ಯೂನಿಟ್ಟಿನ ಆಸುಪಾಸಿನಲ್ಲಿ ಮುಗಿಸುತ್ತದೆ. ಟೈಮರ್ ಇಟ್ಟು ಅದನ್ನು ಬಿಸಿಲಿನ ಹೊತ್ತಿನಲ್ಲೇ ಓಡಿಸಬೇಕು.

ಕೆಡುವುದೂ ಇಲ್ಲೇ. ಹೀಟ್ ಪಂಪನ್ನು ಇಕ್ಕಟ್ಟಾದ ಮುಚ್ಚಿದ ಕೋಣೆಯಲ್ಲಿ ಕೂರಿಸುತ್ತಾರೆ. ತಾನು ಹೊರಹಾಕಿದ ತಣ್ಣನೆಯ ಗಾಳಿಯನ್ನೇ ಅದು ಮತ್ತೆ ಒಳಗೆಳೆದುಕೊಳ್ಳುತ್ತದೆ. ದಕ್ಷತೆ ಕುಸಿಯುತ್ತದೆ, ನೀರು ಸಾಲುವುದಿಲ್ಲ, ಕೊರತೆ ತುಂಬಲೆಂದು ಇಟ್ಟ, ಗೀಸರಿನಂಥ ಬ್ಯಾಕಪ್ ಹೀಟರ್ ತಾನಾಗಿಯೇ ಶುರುವಾಗುತ್ತದೆ. ಎಷ್ಟು ಹೊತ್ತಿಗೆ? ಅದೇ ರಾತ್ರಿ ಎಂಟಕ್ಕೆ! ಅತಿಥಿಗೆ ಬಿಸಿನೀರು ಸಿಕ್ಕಿರುತ್ತದೆ, ಹಾಗಾಗಿ ಬಿಲ್ ಬರುವವರೆಗೂ ಯಾರ ಗಮನಕ್ಕೂ ಬರುವುದಿಲ್ಲ. ಪೈಪಿನ ಉದ್ದಕ್ಕೂ ಶಾಖನಿರೋಧಕ ಸುತ್ತಿ, ವಾಲ್ವುಗಳನ್ನೂ ತಿರುವುಗಳನ್ನೂ ಹಾಗೇ ಬಿಡುವುದು ಇನ್ನೊಂದು ತಪ್ಪು. ಬಿಸಿನೀರು ದಿನವಿಡೀ ಸುತ್ತುತ್ತಿರುವ ಕಡೆ ಅಲ್ಲೆಲ್ಲ ಶಾಖ ಸೋರುತ್ತಲೇ ಇರುತ್ತದೆ.

ಉಳಿತಾಯದ ಹೆಸರಿನಲ್ಲಿ ಟ್ಯಾಂಕನ್ನು 45 ಡಿಗ್ರಿಗೆ ಇಳಿಸುವವರಿದ್ದಾರೆ. ದಯವಿಟ್ಟು ಬೇಡ. 20ರಿಂದ 45 ಡಿಗ್ರಿಯ ನಡುವೆ ಲೀಜನೆಲ್ಲಾ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಷವರಿನ ತುಂತುರಿನ ಜೊತೆ ಶ್ವಾಸಕೋಶ ಸೇರಿದರೆ ಜೀವಕ್ಕೇ ಅಪಾಯ. ಟ್ಯಾಂಕಿನಲ್ಲಿ 60, ಸುತ್ತಿ ಮರಳುವ ನೀರಿನಲ್ಲಿ ಕನಿಷ್ಠ 50 ಡಿಗ್ರಿ ಇರಲಿ. ಮೈ ಸುಡದಂತೆ ನಲ್ಲಿಯ ಹತ್ತಿರ ತಣ್ಣೀರು ಬೆರೆಸುವ ಮಿಕ್ಸಿಂಗ್ ವಾಲ್ವ್ ಹಾಕಿ. ಪರಿಸರ ಉಳಿಸುತ್ತೇವೆಂದು ಅತಿಥಿಯ ಶ್ವಾಸಕೋಶವನ್ನು ಪಣಕ್ಕಿಡುವಂತಿಲ್ಲ.

ಹೊಸ ಕಟ್ಟಡವೇ ಬೇಕೆಂದೇನೂ ಇಲ್ಲ. ಅಮೆರಿಕದ ನ್ಯೂ ಹೇವನ್‌ನಲ್ಲಿ ವಾಸ್ತುಶಿಲ್ಪಿ ಮಾರ್ಸೆಲ್ ಬ್ರೂಯರ್ ವಿನ್ಯಾಸ ಮಾಡಿದ್ದ ಹಳೆಯ ಕಚೇರಿ ಕಟ್ಟಡ 2022ರಲ್ಲಿ ಹೋಟೆಲ್ ಮಾರ್ಸೆಲ್ ಆಯಿತು. ಬಿಸಿನೀರು, ಅಡುಗೆ ಎಲ್ಲಕ್ಕೂ ವಿದ್ಯುತ್ತೇ. ಚಾವಣಿ ಸಾಲದ್ದಕ್ಕೆ ಕಾರು ನಿಲ್ಲಿಸುವ ಜಾಗದ ಮೇಲೂ ಫಲಕ ಹಾಕಿದ್ದಾರೆ.

ಸಮಯ ಮುಗಿಯಿತೆಂದು ಅಧ್ಯಕ್ಷರು ಸನ್ನೆ ಮಾಡುತ್ತಿದ್ದಾರೆ. ಫಲಕ ತೊಳೆಯುವ ವಿಷಯ ಒಂದೇ ಮಾತಿನಲ್ಲಿ: ಬೆಳಗ್ಗೆಯೇ ತೊಳೆಯಿರಿ, ಕಾದ ಗಾಜಿಗೆ ತಣ್ಣೀರು ಬಿದ್ದರೆ ಬಿರುಕು ಬಿಡಬಹುದು. ಹಕ್ಕಿಯ ಹಿಕ್ಕೆಯನ್ನು ಸಣ್ಣದೆಂದು ಬಿಡಬೇಡಿ, ನೆರಳಾದ ಜಾಗ ಕಾದು ಫಲಕವೇ ಕೆಡಬಹುದು. ಏಸಿಯ ಬಗ್ಗೆ ಬರೆದುಕೊಂಡದ್ದೆಲ್ಲ ಬಿಡುತ್ತೇನೆ. ಕಿಟಕಿ ತೆರೆದರೆ ಏಸಿಯನ್ನು ತಾನೇ ಆಫ್ ಮಾಡುವ ಸೆನ್ಸರ್ ಇದೆಯೇ ನೋಡಿ, ಸಾಕು.

ಇನ್ನು, ಉಳಿದುಕೊಳ್ಳಲು ಹೋಗುವ ನಾವು. ನಿಮಿಷಕ್ಕೆ 12 ಲೀಟರ್ ಸುರಿಸುವ ಷವರ್ ಬದಲು 8 ಲೀಟರಿನದ್ದಿದ್ದರೆ ಎಂಟು ನಿಮಿಷದ ಸ್ನಾನಕ್ಕೆ 32 ಲೀಟರ್ ಉಳಿಯುತ್ತದೆ, ಕಾಯಿಸುವ ಶಾಖವೂ ಉಳಿಯುತ್ತದೆ. ಕೋಣೆ ಕಾಯ್ದಿರಿಸುವಾಗ ಮೂರು ಮಾತು ಕೇಳಿ: ನೀರು ಕಾಯಿಸುವುದು ಯಾವುದರಿಂದ, ಎಷ್ಟು ಹೊತ್ತಿಗೆ, ಬ್ಯಾಕಪ್ ಹೀಟರಿಗೆ ಬೇರೆ ಮೀಟರ್ ಇದೆಯೇ? ಮೀಟರ್ ಇಲ್ಲವೆಂದರೆ, ಮೊದಲು ಅದನ್ನು ಹಾಕಿಸಿ ಎಂದು ಅಲ್ಲೇ ಹೇಳಿ.