ಪಾತ್ರೆ ತೊಳೆಯದ ರಕ್ತಪಿಶಾಚಿಗಳು

ಕೇಳುಗರಿಗೆಲ್ಲ ನಮಸ್ಕಾರ. ಇವತ್ತು ನಂಗೆ ತುಂಬಾ ಇಷ್ಟವಾದ ಒಂದು ನ್ಯೂಜಿಲೆಂಡ್ ಸಿನಿಮಾ ಬಗ್ಗೆ ಮಾತಾಡ್ತೀನಿ, ‘ವಾಟ್ ವಿ ಡೂ ಇನ್ ದ ಶ್ಯಾಡೋಸ್’ ಅಂತ, 2014ರದ್ದು. ಅದರಲ್ಲಿ ನಾಲ್ಕು ಜನ ವ್ಯಾಂಪೈರ್‌ಗಳು, ಅಂದ್ರೆ ರಕ್ತ ಕುಡಿದು ಬದುಕೋ ಪಿಶಾಚಿಗಳು, ವೆಲ್ಲಿಂಗ್ಟನ್ ಊರಲ್ಲಿ ಒಂದೇ ಮನೇಲಿ ರೂಮ್‌ಮೇಟ್‌ಗಳ ಥರ ಇದಾರೆ. ಒಬ್ಬನಿಗೆ 8000 ವರ್ಷ, ಇನ್ನೊಬ್ಬನಿಗೆ 862, ಮತ್ತೊಬ್ಬನಿಗೆ 379, ಎಲ್ಲರಿಗಿಂತ ಚಿಕ್ಕೋನಿಗೆ 183. ಆ ಚಿಕ್ಕೋನು ಐದು ವರ್ಷದಿಂದ ಪಾತ್ರೆ ತೊಳ್ದಿಲ್ಲ ಅಂತ ಮನೇಲಿ ಮೀಟಿಂಗ್ ಕರೀತಾರೆ, ಸಿಂಕ್ ತುಂಬಾ ರಕ್ತದ ಕಲೆ ಹತ್ತಿರೋ ಪಾತ್ರೆ. ಬ್ಯಾಚುಲರ್ ರೂಮಲ್ಲಿ ಇದ್ದು ಬಂದೋರಿಗೆ ಇದು ಹೇಗಿರತ್ತೆ ಅಂತ ನಾನು ಹೇಳ್ಬೇಕಾಗಿಲ್ಲ.

ಇದನ್ನ ಬರೆದು, ನಿರ್ದೇಶಿಸಿ, ನಟಿಸಿದ್ದು ಟೈಕಾ ವೈಟಿಟಿ ಮತ್ತೆ ಜೆಮೈನ್ ಕ್ಲೆಮೆಂಟ್. ವೆಲ್ಲಿಂಗ್ಟನ್‌ನ ವಿಕ್ಟೋರಿಯಾ ಯೂನಿವರ್ಸಿಟೀಲಿ ಓದೋವಾಗಿನಿಂದ ಸ್ನೇಹಿತರು, ಸ್ಟೇಜ್ ಮೇಲೆ ಜೊತೇಲಿ ಕಾಮಿಡಿ ಮಾಡ್ತಿದ್ದೋರು. 2005ರ ಸುಮಾರಿಗೆ ಇದೇ ಐಡಿಯಾ ಇಟ್ಕೊಂಡು ಒಂದು ಕಿರುಚಿತ್ರ ಮಾಡಿದ್ರು, ಆಮೇಲೆ ಇಬ್ರೂ ಬೇರೆ ಬೇರೆ ಕೆಲಸದಲ್ಲಿ ಬಿಜಿ ಆಗೋದ್ರು, ಆದ್ರೂ ಇದನ್ನ ಕೈಬಿಡ್ಲಿಲ್ಲ, ಕೊನೆಗೆ 2012ರಲ್ಲಿ ಅದೇ ಊರಲ್ಲಿ ಪೂರ್ತಿ ಸಿನಿಮಾ ಶೂಟ್ ಮಾಡಿದ್ರು. ಬಜೆಟ್ ಸುಮಾರು 16 ಲಕ್ಷ ಡಾಲರ್, ಅಮೆರಿಕದ ಲೆಕ್ಕಕ್ಕೆ ಅದು ಏನೂ ಅಲ್ಲ.

ನನಗೆ ಎಲ್ಲಕ್ಕಿಂತ ಆಶ್ಚರ್ಯ ಆಗೋದು ಶೂಟ್ ಮಾಡಿದ ರೀತಿ. ಸ್ಕ್ರಿಪ್ಟ್ ಏನೋ ಪೂರ್ತಿ ಬರೆದಿದ್ರು, ಆದ್ರೆ ನಟರಿಗೆ ತೋರಿಸ್ಲಿಲ್ಲ! ಈ ಸೀನಲ್ಲಿ ಹೀಗಾಗತ್ತೆ ಅಂತ ಹೇಳೋದು, ಮಾತು ಅವರೇ ಅಲ್ಲೇ ಹುಟ್ಟಿಸ್ಬೇಕು. ಹಾಗೆ ಮಾಡಿ ಮಾಡಿ ನೂರಿಪ್ಪತ್ತು ಗಂಟೆಗೂ ಮೇಲೆ ಫುಟೇಜ್ ಆಯ್ತು, ಅದನ್ನ ಒಂದೂವರೆ ಗಂಟೆಗೆ ಇಳಿಸೋಕೆ ಎಡಿಟಿಂಗ್ ಟೇಬಲ್ ಮೇಲೆ ಒಂದು ವರ್ಷಕ್ಕಿಂತ ಜಾಸ್ತಿ ಹಿಡೀತು. ನಗು ಬರೋ ಜಾಗ ಅರ್ಧ ಸೆಕೆಂಡ್ ಆಚೆ ಈಚೆ ಆದ್ರೂ ಸತ್ತೋಗತ್ತೆ, ಅದಕ್ಕೇ ಅಷ್ಟು ಟೈಮು.

ಇನ್ನೊಂದು, ಇವರು ವ್ಯಾಂಪೈರ್ ಕಥೆಯ ಹಳೇ ಕಟ್ಟುಪಾಡು ಒಂದನ್ನೂ ಮುರಿದಿಲ್ಲ. ವ್ಯಾಂಪೈರ್‌ಗಳು ಕನ್ನಡೀಲಿ ಕಾಣಲ್ಲ ಅಲ್ವಾ, ಹಂಗಾಗಿ ಆಚೆ ಹೋಗೋ ಮುಂಚೆ ಒಬ್ಬರ ಡ್ರೆಸ್ಸು ಇನ್ನೊಬ್ಬರು ಚಿತ್ರ ಬರೆದು ತೋರಿಸ್ತಾರೆ. ಕರೀದೆ ಒಳಗೆ ಹೋಗೋ ಹಾಗಿಲ್ಲ, ಅದಕ್ಕೆ ಕ್ಲಬ್ ಬಾಗಿಲಲ್ಲಿ ನಿಂತು ‘ಒಳಗೆ ಬನ್ನಿ ಅಂತ ಒಂದ್ಸಲ ಹೇಳಿ’ ಅಂತ ಬೌನ್ಸರ್‌ನ ಕೇಳ್ಕೋತಾರೆ. ಗೋಡೆ ಮೇಲೆ ‘ನಾಳೆ ಬಾ’ ಅಂತ ಬರೆದ್ರೆ ದೆವ್ವ ಓದ್ಕೊಂಡು ವಾಪಸ್ ಹೋಗತ್ತೆ ಅಂತ ನಂಬಿದ್ದ ನಮಗೆ ಈ ನಿಯಮ ಬೇಗ ಅರ್ಥ ಆಗತ್ತೆ.

2014ರ ಜನವರೀಲಿ ಸನ್‌ಡ್ಯಾನ್ಸ್ ಚಿತ್ರೋತ್ಸವದಲ್ಲಿ ಮೊದಲ ಪ್ರದರ್ಶನ, ಅದೇ ವರ್ಷ ಟೊರಾಂಟೋ ಚಿತ್ರೋತ್ಸವದಲ್ಲಿ ಮಧ್ಯರಾತ್ರಿ ಸಿನಿಮಾಗಳ ವಿಭಾಗದಲ್ಲಿ ಪ್ರೇಕ್ಷಕರ ಪ್ರಶಸ್ತಿ. ಅಷ್ಟಾದ್ರೂ ಅಮೆರಿಕದ ಥಿಯೇಟರುಗಳಿಗೆ ತಲುಪಿಸೋಕೆ ಕಿಕ್‌ಸ್ಟಾರ್ಟರ್ ಅನ್ನೋ ವೆಬ್‌ಸೈಟಲ್ಲಿ ಜನರ ಹತ್ರ ದುಡ್ಡು ಕೇಳಿದ್ರು, 4 ಲಕ್ಷ ಡಾಲರಿಗೂ ಹೆಚ್ಚು ಬಂತು, 2015ರಲ್ಲಿ ರಿಲೀಸ್ ಆಯ್ತು. ಆಮೇಲೆ ಇದರಿಂದ ಎರಡು ಟಿವಿ ಸರಣಿ ಹುಟ್ಟಿದ್ವು, ಅಮೆರಿಕದ್ದು 2019ರಿಂದ 2024ರ ತನಕ ಓಡ್ತು.

ಆದ್ರೆ ನನ್ನ ಮನಸಲ್ಲಿ ಉಳಿದಿರೋನು ಸ್ಟೂ, ಸಿನಿಮಾದಲ್ಲಿ ಈ ಪಿಶಾಚಿಗಳ ಜೊತೆ ಓಡಾಡೋ ಮನುಷ್ಯ. ನಟ ಅಲ್ಲ, ನಿಜ ಜೀವನದಲ್ಲೂ ಕಂಪ್ಯೂಟರ್ ಕೆಲಸ ಮಾಡ್ತಿದ್ದ, ನಿರ್ದೇಶಕರ ಸ್ನೇಹಿತ, ಸಣ್ಣ ಪಾತ್ರ ಅಂತ ಹೇಳಿ ಕರ್ಕೊಂಡ್ಬಂದಿದ್ರು. ಅವನು ಸುಮ್ನೆ ನಿಂತಿರ್ತಾನೆ, ಹೆಚ್ಚು ಮಾತಿಲ್ಲ. ಅವನೇ ಇವರಿಗೆ ಇಂಟರ್‌ನೆಟ್ ತೋರಿಸೋದು, ನೂರಾರು ವರ್ಷದಿಂದ ಬೆಳಗು ನೋಡದಿರೋ ಈ ಪಿಶಾಚಿಗಳು ಲ್ಯಾಪ್‌ಟಾಪ್ ಸುತ್ತ ಕೂತು ಸೂರ್ಯೋದಯದ ವಿಡಿಯೋ ನೋಡ್ತಾರೆ. ಸ್ಟೂ ಕೆನ್ನೆ ಕೆಂಪಗೆ, ರಕ್ತ ತುಂಬ್ಕೊಂಡಿದೆ, ಅದು ಅವರೆಲ್ಲರ ಕಣ್ಣಿಗೂ ಬಿದ್ದಿದೆ, ಆದ್ರೂ ಅವನನ್ನ ಕಚ್ಚಬಾರ್ದು ಅಂತ ಮನೇಲಿ ಮಾತಾಗಿದೆ.